ಹದಿನಾಲ್ಕನೇ ಕಿಲೋಮೀಟರಿನ ಸಾಹೇಬ್ರು

ಕಲ್ಮೇಶ ಮನಿಗೆ ಬರೂದು ಶನಿವಾರ ರಾತ್ರಿ, ಹೋಗೂದು ಸೋಮವಾರ ನಸಿಕಿನ್ಯಾಗ. ನಡುವ ಇರೂದು ಒಂದಽ ಐತವಾರ. ಆ ಒಂದು ದಿನದಾಗ ಅವನ ಹೆಂಡತಿ ಸುನಂದಾ ಗಂಡನ ಮಾರಿ ನೋಡಬೇಕು, ಅವನ ಅರಿವಿ ಒಗದು ಇಸ್ತ್ರಿ ಮಾಡಬೇಕು, ವಾರದ ಸುದ್ದಿ ಹೇಳಬೇಕು, ಜಗಳಾಡೂದಿದ್ರ ಅದನ್ನೂ ಅವತ್ತಽ ಮುಗಿಸಬೇಕು. ಜಗಳ ಅರ್ಧಕ್ಕ ನಿಂತ್ರ ಮುಂದಿನ ಶನಿವಾರದ ತನಕ ಹೊಟ್ಟ್ಯಾಗ ಇಟ್ಕೊಂಡು ಕೂಡಬೇಕು. ಮದಿವ್ಯಾಗಿ ನಾಲ್ಕು ವರ್ಷ ಹಿಂಗಽ ನಡದಿತ್ತು.

ಇಂಡಿ ಊರ ಹೊರಗ, ಸಾಲೋಟಗಿ ರಸ್ತಾಕ್ಕ ಹತ್ತಿದ ಮನಿ ಅವರದು. ಹಿತ್ತಲದಾಗ ನಾಲ್ಕು ಲಿಂಬಿ ಗಿಡ, ಒಂದು ಎಮ್ಮಿ. ವಾರವೆಲ್ಲಾ ಮನ್ಯಾಗ ಇರೂದು ಸುನಂದಾ ಮತ್ತ ಅವಳ ಅತ್ತಿ ಶಂಕ್ರೆವ್ವ, ಇಬ್ಬರಽ. ಶಂಕ್ರೆವ್ವಗ ಅರವತ್ತು ದಾಟಿತ್ತು. ಆದ್ರೇನು, ಆಳು ಎತ್ತರ, ಭುಜ ಅಗಲ, ದನಿ ಅಂತೂ ಬಾಗಲಾ ಹಾಕಿದ್ರೂ ಮೂರು ಮನಿಗೆ ಕೇಳಸ್ತಿತ್ತು. ಮೊಮ್ಮಕ್ಕಳು ಯಾವಾಗ ಅಂತ ಯಾರರೆ ಕೇಳಿದ್ರ, ಅವೂ ಐತವಾರದ ಸೂಟಿ ನೋಡ್ಕೊಂಡು ಬರಬೇಕಲ್ಲ ತಂಗಿ, ಅವಸರ ಮಾಡಿದ್ರ ಹೆಂಗ ಅಂದು, ಕೇಳಿದಾಕಿನ್ನಽ ನಾಚಿಸಿ ಕಳಸ್ತಿದ್ಲು. ಸೊಸಿ ಒಳಗ ಹೋಗಿ ಕಣ್ಣು ಒರಸ್ಕೊಳ್ಳೂದು ಆಕಿಗೆ ಗೊತ್ತಿತ್ತು.

ಕಲ್ಮೇಶ ಮುದ್ದೇಬಿಹಾಳದ ಆಚೆ ಒಂದು ಕಾಲುವಿ ಆಫೀಸಿನ್ಯಾಗ ವರ್ಕ್ ಇನ್‌ಸ್ಪೆಕ್ಟರ್. ಕಾಲುವಿಗೆ ಹಾಕಿದ ಸಿಮೆಂಟು ನೆಟ್ಟಗ ಐತಿಲ್ಲೊ ನೋಡೂದು, ಫೋಟೋ ಹೊಡಿಯೂದು, ವರದಿ ಬರಿಯೂದು ಅವನ ಕೆಲಸ. ಆಲಮಟ್ಟಿ ನೀರು ಎಲ್ಲೆಲ್ಲಿ ಹರೀತೈತೊ ಅಲ್ಲೆಲ್ಲಾ ಇವನ ಕ್ಯಾಮೆರಾ ಹೋಗಬೇಕು. ಭಾಳ ಶಿಸ್ತಿನ ಮನಷ್ಯಾ. ಎಷ್ಟು ಶಿಸ್ತು ಅಂದ್ರ, ಎಮ್ಮಿಗೆ ನೀರು ಕುಡಿಸಾಕ ಹಿತ್ತಲದಾಗ ಒಂದು ತೊಟ್ಟಿ ಕಟ್ಟಪಾ ಅಂತ ಅವ್ವ ಹೇಳಿದ್ರ, ಎಲ್ಲಾರಂಗ ಚೌಕಾಕ ಕಟ್ಟಲಿಲ್ಲ. ಕಾಲುವಿ ಇದ್ದಂಗ ಎರಡೂ ಬಾಜು ಇಳಿಜಾರು ಮಾಡಿ, ಟೇಪು ಹಿಡದು ಅಳದು, ಉದ್ದಕ ಕಟ್ಟಿದ. ಆರು ತಿಂಗಳಿನ್ಯಾಗ ಅದು ಮ್ಯಾಲಿಂದ ಕೆಳಗ ಬಿರುಕು ಬಿಡ್ತು. ಸರಕಾರದ ಸಿಮೆಂಟಿಗೆ ಹೆಸರಿಡೂ ಮಗ ತನ್ನ ಸಿಮೆಂಟಿಗೆ ಏನಂತಾನ ನೋಡೂಣು ಅಂತ ಶಂಕ್ರೆವ್ವ ಕಾದಿದ್ಲು. ಅವ ಆ ಕಡೆ ತಿರುಗಿನೂ ನೋಡಲಿಲ್ಲ.

ಇಂಡಿ ಕಡೆ ವರ್ಗಾ ಮಾಡ್ರಿ ಅಂತ ಅವ ಮೂರು ಸಲ ಅರ್ಜಿ ಕೊಟ್ಟಿದ್ದ, ಮೂರೂ ಹೊಳ್ಳಿ ಬಂದಿದ್ವು. ನಾಲ್ಕನೇದು ಈಗ ಅವನ ಆಫೀಸಿನ ಬಸಂತರಾಯ ಸಾಹೇಬ್ರ ಟೇಬಲ್ಲಿನ ಮ್ಯಾಲ ಇತ್ತು. ಈ ಸಲ ಆದ್ರ ಆಗಬಹುದು, ಆದ್ರ ಕೆಲಸದಾಗ ಒಂದು ತಪ್ಪು ಕಂಡ್ರ ಮುಗೀತು, ಮುಂದ ಮೂರು ವರ್ಷ ಅರ್ಜಿ ಹಾಕೂ ಹಂಗಿಲ್ಲ ಅಂತ ಕಲ್ಮೇಶ ಹೇಳಿದ್ದ. ಅವತ್ತಿಂದ ಸುನಂದಾ ದೇವರ ಮುಂದ ದೀಪಾ ಹಚ್ಚುವಾಗ ಆ ಸಾಹೇಬ್ರ ಹೆಸರು ತಗೊಂಡು ಕೈ ಮುಗೀತಿದ್ಲು. ಗಂಡನ ಹೆಸರು ಹೇಳಾಕ ನಾಚುವಾಕಿ ಸಾಹೇಬ್ರ ಹೆಸರು ಮಾತ್ರ ಬಾಯಿತುಂಬ ಹೇಳ್ತಿದ್ಲು.

ಎರಡು ಸಾವಿರದ ಒಂದನೇ ಇಸ್ವಿ, ಥಂಡಿ ಮುಗಿದು ಬಿಸಲು ಚುರುಗುಟ್ಟೂ ಹೊತ್ತು. ಒಂದು ಶನಿವಾರ ಕಲ್ಮೇಶ ಆಫೀಸಿನ ಕ್ಯಾಮೆರಾ ಕೊಳ್ಳಾಗ ಹಾಕ್ಕೊಂಡು ಬಂದ. ಸೋಮವಾರ ಆಫೀಸಿಗೆ ಹೋಗೂಕ ಮೊದಲು ಝಳಕಿ ಕಡೆ ಕಾಲುವಿಯ ಹದಿನಾಲ್ಕನೇ ಕಿಲೋಮೀಟರಿನ ಫೋಟೋ ಹೊಡೀಬೇಕಿತ್ತು. ರೋಲಿನ್ಯಾಗ ಇಪ್ಪತ್ತೊಂದು ಆಗಿದ್ವು. ಎಷ್ಟು ಆದವು ಅಂತ ತೋರಿಸೋ ಕಿಂಡಿ ಆ ಕ್ಯಾಮೆರಾದಾಗ ಕೆಟ್ಟು ವರ್ಷ ಆಗಿತ್ತು. ಹಿಂಗಾಗಿ ಅವ ಮೊದಲಽ ಹಾಳ್ಯಾಗ ಪಟ್ಟಿ ಬರದು, ಪಟ್ಟಿ ಪ್ರಕಾರ ಹೊಡೀತಿದ್ದ. ಇಪ್ಪತ್ತೆರಡರಿಂದ ಇಪ್ಪತ್ತೇಳು, ಹದಿನಾಲ್ಕನೇ ಕಿಲೋಮೀಟರು ಅಂತ ಬರದಿಟ್ಟು ಮಲಗಿದ. ಐತವಾರ ಎದ್ದು ನಾಷ್ಟಾ ಮಾಡಿ, ಕ್ಯಾಮೆರಾ ಗೂಟಕ್ಕ ಹಾಕಿ, ಗೆಳ್ಯಾನ ಹೊಸ ಮನಿ ವಾಸ್ತುಶಾಂತಿ ಐತಿ ಅಂತ ಸಿಂದಗಿ ಬಸ್ ಹತ್ತಿದ.

ಇರೂದೊಂದು ಐತವಾರ, ಅದನ್ನೂ ಸಿಂದಗಿಗೆ ಕೊಟ್ಟು ಹೋದ ನೋಡ್ರಿ. ಸುನಂದಾಗ ಸಿಟ್ಟು ನೆತ್ತಿಗೇರಿತು. ಬಾಜೂ ಮನಿ ಶಮ್ಶುನ್ನೀಸಾ ಅದಽ ಹೊತ್ತಿಗೆ ಹೆಪ್ಪಿಗೆ ಮಜ್ಜಿಗಿ ಕೇಳಾಕ ಬಂದ್ಲು. ಆಕಿ ಮನ್ಯಾಗಽ ಮಷೀನ್ ಇಟ್ಕೊಂಡು ಅರಿವಿ ಹೊಲಿಯುವಾಕಿ, ಸುನಂದಾನ ವಾರಿಗೆಯಾಕಿ, ಸುನಂದಾಗ ಐತವಾರದ ಹೊರತು ಉಳಿದ ಆರು ದಿನದ ಜೋಡಿ. ಸುನಂದಾ ಆಕಿ ಮುಂದ ಎಲ್ಲಾ ಹೇಳ್ಕೊಂಡ್ಲು. ಊರ ಮಂದಿ ಕಾಲುವಿಯ ಸಿಮೆಂಟಿಗೆಲ್ಲಾ ಫೋಟೋ ಹೊಡೀತಾನ, ಮದಿವಿ ಆದ ಮ್ಯಾಲ ನಂದೊಂದು ಹೊಡದಿಲ್ಲ, ಕೇಳಿದ್ರ ರೋಲು ಸರಕಾರದ್ದು ಅಂತಾನ ಅಂದ್ಲು. ಶಂಕ್ರೆವ್ವ ಒಳಗಿಂದಽ ದನಿಗೂಡಿಸಿದ್ಲು. ನಂದು ಇರೂದು ಓಟಿನ ಕಾರ್ಡಿನ ಮ್ಯಾಲಿನ ಫೋಟೋ ಒಂದಽ, ಅದ್ರಾಗ ನಾ ಸತ್ತು ಮೂರು ದಿನ ಆದಂಗ ಕಾಣಸ್ತೇನಿ ಅಂದ್ಲು.

ಶಮ್ಶುನ್ನೀಸಾ ಮಜ್ಜಿಗಿ ಮರತು ಗೂಟದ ಕಡೆ ನೋಡಿದ್ಲು. ಈ ರೋಲು ತೊಳಿಸೂದು ಎಲ್ಲಿ ಅಂತ ಕೇಳಿದ್ಲು. ಯಾವಾಗ್ಲೂ ಇಂಡಿಯ ಬಾಬುಲಾಲನ ಸ್ಟುಡಿಯೋದಾಗಽ ಅಂತ ಸುನಂದಾ ಅಂದ್ಲು. ಬಾಬುಲಾಲನ ಹೆಂಡತಿ ಜಂಪರ್ ಹೊಲಿಯುವಾಕಿ ನಾನಽ, ನಮ್ಮ ನಾಲ್ಕು ಫೋಟೋ ಮೆಲ್ಲಕ ತಗದಿಡಪಾ ಅಂದ್ರ ಅವ ಒಲ್ಲೆ ಅನ್ನಂಗಿಲ್ಲ ಅಂತ ಶಮ್ಶುನ್ನೀಸಾ ಲೆಕ್ಕಾ ಹಾಕಿದ್ಲು. ಸುನಂದಾ ಬ್ಯಾಡಾ ಅನ್ನೂದ್ರಾಗ ಶಂಕ್ರೆವ್ವ ಟ್ರಂಕು ತಗದು ಮಗನ ಮದಿವಿ ಕೋಟು ಹೊರಗ ಹಾಕಿದ್ಲು.

ಅಂಜಿಕಿ ಇತ್ತು, ಸುಳ್ಳ್ಯಾಕ. ಆದ್ರ ಸಿಟ್ಟು ಅದಕ್ಕಿಂತ ದೊಡ್ಡದಿತ್ತು. ಮೊದಲು ಯಾರು ಏನಾಗಬೇಕು ಅಂತ ಚರ್ಚಾ ಆತು. ಶಂಕ್ರೆವ್ವ ತಾನು ಸಾಹೇಬ ಆಗ್ತೇನಿ ಅಂತ ಕುಂತುಬಿಟ್ಲು. ಜೀವನಪೂರ್ತಿ ಮಂದಿ ಸಾಹೇಬ್ರಿಗೆ ನಮಸ್ಕಾರ ಮಾಡೇನಿ, ಒಂದು ದಿನ ನನಗೂ ಯಾರರೆ ಮಾಡ್ಲಿ ಅಂದ್ಲು. ಸೀರಿ ಬಿಚ್ಚಿ ಮಗನ ಪ್ಯಾಂಟು ಹಾಕ್ಕೊಂಡ್ಲು, ಅದು ನಡಕ್ಕ ಹತ್ತಲಿಲ್ಲ, ಶಮ್ಶುನ್ನೀಸಾ ಹಿಂದ ಎರಡು ಹೊಲಿಗಿ ಬಿಚ್ಚಿ ಸುತಳಿ ಕಟ್ಟಿದ್ಲು. ಮ್ಯಾಲ ಕೋಟು. ತಲಿಗೆ ಕಲ್ಮೇಶನ ಹಳೇ ಬಿಳಿ ಹೆಲ್ಮೆಟ್ಟು, ಅದು ಮನ್ಯಾಗ ಕೋಳಿಗೆ ಕಾಳು ಹಾಕಾಕ ಇತ್ತು, ತೊಳದು ತಂದ್ರು. ಕಣ್ಣಿಗೆ ಶಮ್ಶುನ್ನೀಸಾನ ಗಂಡನ ಕರೇ ಚಸ್ಮಾ. ಇನ್ನ ಮೀಸಿ. ಕಾಡಿಗಿಲೆ ಬರದ್ರ ನಾಟಕದ ಮೀಸಿ ಆಗ್ತೈತಿ ಅಂತ ಶಂಕ್ರೆವ್ವ ಒಪ್ಪಲಿಲ್ಲ. ಎಮ್ಮಿ ಬಾಲದ ಕೂದಲ ಕತ್ತರಿಸಿ, ಜಾಲಿ ಅಂಟು ಹಚ್ಚಿ, ಶಮ್ಶುನ್ನೀಸಾ ಒಂದೊಂದಽ ಎಳಿ ಇಟ್ಟು ಮೀಸಿ ಮಾಡಿದ್ಲು. ಮುಗಿಸಿ ದೂರ ಸರದು ನೋಡಿದ್ರ, ಸುನಂದಾ ತನಗ ಗೊತ್ತಿಲ್ಲದಂಗಽ ತಲಿ ಮ್ಯಾಲ ಸೆರಗು ಹೊತ್ಕೊಂಡ್ಲು.

ಹಿತ್ತಲದಾಗ ಬೆಳಕು ಚಲೋ ಇತ್ತು. ಶಂಕ್ರೆವ್ವ ತೊಟ್ಟಿ ದಂಡಿ ಮ್ಯಾಲ ಒಂದು ಕಾಲಿಟ್ಟು, ಹಳೇ ಕ್ಯಾಲೆಂಡರ್ ಸುರುಳಿ ಮಾಡಿ ನಕ್ಷಾದಂಗ ಬಗಲಾಗ ಹಿಡದು, ಒಂದು ಬೆರಳಿಲೆ ತೊಟ್ಟಿಯ ಬಿರುಕು ತೋರಿಸ್ಕೋತ, ಯಾರನ್ನೊ ಈಗಿಂದೀಗ ಕೆಲಸದಿಂದ ತಗೀತೇನಿ ಅನ್ನೂ ಮಾರಿ ಮಾಡಿ ನಿಂತ್ಲು. ಸುನಂದಾ ಗುಂಡಿ ಒತ್ತಿದ್ಲು. ಅಷ್ಟ್ರಾಗ ಹಿಂದಿನ ಮನಿ ದಾವಲಬಿ ಗ್ವಾಡಿ ಮ್ಯಾಲಿಂದ ಹಣಿಕಿ ಹಾಕಿ, ಯಾರು ಬಂದಾರ ಸುನಂದಾ ಅಂದ್ಲು. ಸುನಂದಾ ಬಾಯಿ ತೆರಿಯೂದ್ರಾಗ ಶಂಕ್ರೆವ್ವ ಗಂಟಲಾ ದಪ್ಪ ಮಾಡಿ, ಕಾಲುವಿ ತಪಾಸಣಿಗೆ ಬಂದೇವಿ, ನೀವು ನೀರು ಪೋಲ ಮಾಡ್ತೀರೇನು ಅಂತ ಗದರಿಸಿದ್ಲು. ದಾವಲಬಿ ಇಲ್ರೀ ಸಾಹೇಬ್ರ, ದೇವರಾಣಿ ಇಲ್ರೀ ಅಂತ ಗ್ವಾಡಿ ಕೆಳಗ ಮುಣಗಿದ್ಲು. ಇಪ್ಪತ್ತು ವರ್ಷ ಶಂಕ್ರೆವ್ವನ ಮನ್ಯಾಗ ಉಪ್ಪು, ಖಾರ ಇಸಗೊಂಡಾಕಿ ಆಕಿ.

ಈಗ ಓಣಿಗೆಲ್ಲಾ ಸುದ್ದಿ ಹಬ್ಬತೈತಿ ಅಂತ ಮೂವರೂ ನಕ್ಕೋತ ಒಳಗ ಓಡಿದ್ರು, ಬಾಗಲಾ ಕಿಡಕಿ ಹಾಕ್ಕೊಂಡ್ರು. ಉಳಿದ ನಾಲ್ಕು ಫೋಟೋ ಒಳಗಽ ಆದ್ವು. ಸುನಂದಾ ಕಾಳು ಕೇರೂ ಎರಡು ಮರಾ ತೋಳಿಗೆ ಕಟ್ಕೊಂಡು ಕಣಜದ ಮ್ಯಾಲಿಂದ ಹಾರಾಕ ನಿಂತ ಹಕ್ಕಿ ಆದ್ಲು, ಆಕಿದು ಎರಡು ಹೊಡದ್ರು. ಶಮ್ಶುನ್ನೀಸಾ ಲೋಡಿನ ಮ್ಯಾಲ ಕುಂತು, ಕಲ್ಮೇಶನ ಮದಿವಿ ಪೇಟಾ ಸುತ್ಕೊಂಡು ಕುದರಿ ಸವಾರಿ ಹೊಂಟ್ಲು, ಕೈಯಾಗ ಲಟ್ಟಣಗಿ ಖಡ್ಗ. ಲಿಂಬಿಹಣ್ಣಿನ ಸರ ಹಾಕಿದ ರಾಣಿ ಒಬ್ಬಾಕಿ, ಆಕಿಗೆ ಕೊಡಿ ಹಿಡಿದ ಮೀಸಿ ಸಾಹೇಬ ಒಬ್ಬ. ನಾಲ್ಕು ವರ್ಷದಾಗ ಸುನಂದಾ ಇಷ್ಟು ನಕ್ಕಿದ್ದಿಲ್ಲ. ಮನಿ ಒಳಗ ಕತ್ತಲಿ ಇದ್ರ ಕ್ಯಾಮೆರಾದ ದೀಪಾ ಹಚ್ಚಬೇಕು ಅನ್ನೂದು ಮೂವರಾಗ ಒಬ್ಬರಿಗೂ ಗೊತ್ತಿರಲಿಲ್ಲ.

ಸಂಜಿಕ ಕಲ್ಮೇಶ ಬರೂದ್ರಾಗ ಕೋಟು ಟ್ರಂಕಿನ್ಯಾಗ, ಕ್ಯಾಮೆರಾ ಗೂಟಕ್ಕ, ಪ್ಯಾಂಟಿನ ಹೊಲಿಗಿ ಮೊದಲಿನಂಗ. ಸೋಮವಾರ ನಸಿಕಿನ್ಯಾಗ ಅವ ಹೊಂಟಾಗ ಸುನಂದಾ ಸಹಜ ಕೇಳಿದಂಗ, ರೋಲು ಬಾಬುಲಾಲನ ಕಡೆ ಕೊಡ್ತೀರೇನ್ರಿ ಅಂತ ಕೇಳಿದ್ಲು. ಇಲ್ಲ, ಈ ಸಲ ವರದಿ ಅರ್ಜೆಂಟ್ ಐತಿ, ಆಫೀಸಿನ ಪರಸಪ್ಪನಽ ಅಲ್ಲಿ ತೊಳಿಸಿ ಪುಸ್ತಕಕ್ಕ ಅಂಟಿಸಿ ಸಾಹೇಬ್ರಿಗೆ ಕೊಡ್ತಾನ, ನಾ ವಾರಪೂರ್ತಿ ಸೈಟಿನ ಮ್ಯಾಲ ಇರ್ತೇನಿ ಅಂದು ಅವ ಸೈಕಲ್ ಹತ್ತಿ ಹೋದ. ಸಾಹೇಬ್ರ ಟೇಬಲ್ಲಿನ ಮ್ಯಾಲ ಗಂಡನ ಅರ್ಜಿ, ಅದರ ಮ್ಯಾಲ ಸರಕಾರಿ ಪುಸ್ತಕದಾಗ ಮರಾ ಕಟ್ಕೊಂಡು ಹಾರೂ ಹೆಂಡತಿ.

ಮೂರು ದಿನ ಆಕಿಗೆ ಊಟ ಸೇರಲಿಲ್ಲ. ಗುರುವಾರ ಶಮ್ಶುನ್ನೀಸಾನ್ನ ಕರಕೊಂಡು ಬಸ್‌ಸ್ಟ್ಯಾಂಡ್ ಕಡೆ ಎಸ್‌ಟಿಡಿ ಬೂತಿಗೆ ಹೋಗಿ ಆಫೀಸಿಗೆ ಫೋನ್ ಹಚ್ಚಿದ್ಲು. ಪರಸಪ್ಪ ಆಫೀಸಿನ ಜವಾನ, ವಯಸ್ಸಾದ ಮನಷ್ಯಾ, ಒಮ್ಮೆ ಇವರ ಮನಿಗೆ ಬಂದು ಉಂಡು ಹೋಗಿದ್ದ. ಸುನಂದಾ ತಡವರಿಸ್ಕೋತ, ಆ ಫೋಟೋದಾಗ ಹೆಣ್ಣಮಕ್ಕಳ ಫೋಟೋ ಏನರ ಬಂದಾವೇನ್ರಿ ಅಂತ ಕೇಳಿದ್ಲು. ಪರಸಪ್ಪ ಹೆಣ್ಣಮಕ್ಕಳು ಯಾರೂ ಇಲ್ಲ ತಾಯಿ ಅಂದ. ನಾಲ್ಕು ಬರೇ ಕರ್ರಗ ಆಗಿದ್ವಂತ, ಸ್ಟುಡಿಯೋದವ ಅವನ್ನ ತಗದಽ ಇಲ್ಲ. ಉಳಿದವನ್ನ ಪಟ್ಟಿ ಪ್ರಕಾರ ಸಾಲಾಗಿ ಅಂಟಿಸಿ ಸಾಹೇಬ್ರಿಗೆ ಒಪ್ಪಿಸೇನಿ, ಒಂದು ಹೆಚ್ಚಾತು, ಅದನ್ನ ಕವರಿನ್ಯಾಗ ಹಾಕೇನಿ ಅಂದ. ಸುನಂದಾ ಫೋನ್ ಇಡಾಕ ಹೋದ್ಲು. ಅಷ್ಟ್ರಾಗ ಅವ ಮತ್ತೊಂದು ಮಾತು ಹೇಳಿದ.

"ಇಪ್ಪತ್ತೆರಡನೇದ್ರಾಗ ಒಬ್ರು ಸಾಹೇಬ್ರು ನಿಂತಾರ ನೋಡ್ರಿ, ಹದಿನಾಲ್ಕನೇ ಕಿಲೋಮೀಟರಿನ್ಯಾಗ. ಭಾಳ ಖಡಕ್ ಕಾಣಸ್ತಾರ. ನಾ ಅಂಟಿಸುವಾಗ ಕೈ ತೊಳಕೊಂಡು ಅಂಟಿಸಿದೆ."

ಬೂತಿನ ಹೊರಗ ಬಂದು ಸುನಂದಾ ರಸ್ತಾದ ದಂಡ್ಯಾಗ ಕುಂತುಬಿಟ್ಲು. ಶಮ್ಶುನ್ನೀಸಾ ಸೆರಗು ಬಾಯಾಗ ತುರುಕ್ಕೊಂಡು ನಕ್ಕೋತ ನಿಂತಿದ್ಲು, ಈಕಿ ಸಿಟ್ಟಿಗೆದ್ದು ಆಕಿ ಕಾಲಿಗೆ ಚೂಟಿದ್ಲು. ಮನಿಗೆ ಬಂದು ಹೇಳಿದ್ರ ಶಂಕ್ರೆವ್ವಗ ಒಂದಽ ಕೊರಗು. ಉಳಿದ ನಾಲ್ಕೂ ಕರ್ರಗ ಆದ್ವಲ್ಲ, ಆ ಹಕ್ಕಿ ಭಾಳ ಚಂದ ಇತ್ತು ಅಂದ್ಲು.

ಮರುವಾರ ಕಲ್ಮೇಶ ಬಂದ, ಹೋದ, ಏನೂ ಅನ್ನಲಿಲ್ಲ. ಅದರ ಮುಂದಿನ ಶನಿವಾರ ಬಂದಾಗ ಬೂಟು ಬಿಚ್ಚದಽ ಪಡಸಾಲ್ಯಾಗ ಕುಂತ, ಅಂಗಿ ಕಿಸೆದಿಂದ ಒಂದು ಫೋಟೋ ತಗದು ನೆಲದ ಮ್ಯಾಲ ಇಟ್ಟ. ಅವ್ವನ್ನ ಕರದು, ಇವರು ಯಾರು ಅಂತ ಕೇಳಿದ. ಶಂಕ್ರೆವ್ವ ಕಣ್ಣಿಗೆ ಹತ್ತಿರ ಹಿಡದು ನೋಡಿ, ಯಾರರೆ ಇರಲಿ, ಮನಷ್ಯಾ ಚಂದ ಬಂದಾನ ಅಂದ್ಲು. ಕಲ್ಮೇಶ ನಗಲಿಲ್ಲ. ಇನ್ನೊಂದು ಕಿಸೆದಿಂದ ಆಫೀಸಿನ ಕಾಗದ ತಗದು ಓದಿದ. ಛಾಯಾಚಿತ್ರ ಸಂಖ್ಯೆ ಇಪ್ಪತ್ತೆರಡರಲ್ಲಿ ಹದಿನಾಲ್ಕನೇ ಕಿಲೋಮೀಟರಿನ ಕಾಂಕ್ರೀಟಿನಲ್ಲಿ ದೊಡ್ಡ ಬಿರುಕು ಸ್ಪಷ್ಟವಾಗಿ ಕಾಣುತ್ತಿದ್ದು, ಸ್ಥಳದಲ್ಲಿದ್ದ ಹಿರಿಯ ಅಧಿಕಾರಿಗಳು ಅದನ್ನು ಖುದ್ದಾಗಿ ತೋರಿಸುತ್ತಿರುವುದು ಇಲಾಖೆಗೆ ನಾಚಿಕೆಗೇಡು, ಏಳು ದಿನದೊಳಗೆ ವಿವರಣೆ ನೀಡತಕ್ಕದ್ದು ಅಂತ ಅದ್ರಾಗ ಇತ್ತು.

ಆ ಹಿರಿಯ ಅಧಿಕಾರಿ ಯಾರು ಅಂತ ಬಸಂತರಾಯ ಸಾಹೇಬ್ರಿಗೂ ಗೊತ್ತಿರಲಿಲ್ಲ. ಆದ್ರ ಯಾರಂತ ಕೇಳಿದ್ರ ತಮ್ಮ ಮ್ಯಾಲಿನವರನ್ನಽ ಗುರುತು ಹಿಡಿಯಲಿಲ್ಲ ಅಂತ ಆಗ್ತಿತ್ತು. ಹಿಂಗಾಗಿ ಕೇಳಲಿಲ್ಲ, ಬೆಂಗಳೂರಿನವರ ಇರಬೇಕು ಅಂತ ತಮಗ ತಾವಽ ತಿಳಕೊಂಡ್ರು. ಕಲ್ಮೇಶ ಹದಿನಾಲ್ಕನೇ ಕಿಲೋಮೀಟರಿಗೆ ಹೋಗಿ ಗೇಣು ಗೇಣು ನೋಡಿ, ಸದರಿ ಸ್ಥಳದಲ್ಲಿ ಯಾವುದೇ ಬಿರುಕು ಇಲ್ಲ ಅಂತ ಖರೇ ಇದ್ದದ್ದನ್ನಽ ಬರದು ಕೊಟ್ಟಿದ್ದ. ಅದು ಕೆಂಪು ಶಾಯಿ ಬಳಕೊಂಡು ಹೊಳ್ಳಿ ಬಂದಿತ್ತು. ಫೋಟೋದಾಗ ಕಣ್ಣಿಗೆ ಕಾಣೂ ಬಿರುಕನ್ನ ಇಲ್ಲ ಅಂತೀರೇನು, ಮೊದಲು ದುರಸ್ತಿ ಮಾಡ್ರಿ, ಅದಽ ಜಾಗ, ಅದಽ ಕೋನದಿಂದ ಫೋಟೋ ಹೊಡದು ಕೊಡ್ರಿ, ಆ ಅಧಿಕಾರಿಗಳು ಖುದ್ದು ನೋಡಿ ಒಪ್ಪಿದ್ದು ಕಾಣಬೇಕು ಅಂತ ಸಾಹೇಬ್ರು ಬರದಿದ್ರು. ಇಲ್ಲಂದ್ರ ಅರ್ಜಿ ತಿರಸ್ಕಾರ.

ಕಲ್ಮೇಶ ಬೈಯಾಕ ಸುರು ಮಾಡಿದ. ಸರಕಾರದ ರೋಲಿನ್ಯಾಗ ಮನಿ ಮಂದಿ ವೇಷ ಹಾಕಿ ಆಟ ಆಡ್ಯಾರ ಅಂತ ಹೇಳಿದ್ರ ವರ್ಗಾ ಹೋಗ್ಲಿ, ನೌಕರಿನಽ ಹೋಗ್ತೈತಿ, ಹೇಳಲಿಲ್ಲಂದ್ರ ಇಲ್ಲದ ಬಿರುಕು ಎಲ್ಲಿಂದ ಮುಚ್ಚಲಿ ಅಂದ. ನಾಲ್ಕು ವರ್ಷ ಒಂದು ತಪ್ಪಿಲ್ಲದಂಗ ಕೆಲಸ ಮಾಡಿದೆ, ಅದು ಮನ್ಯಾಗಿನವರ ಕೈಯಾಗಽ ಹಾಳಾಗಬೇಕಿತ್ತೇನು ಅಂದ. ಸುನಂದಾ ಎಲ್ಲಾ ನಂದಽ ತಪ್ಪು, ಗುಂಡಿ ಒತ್ತಿದಾಕಿ ನಾನಽ ಅಂತ ಅಳಾಕತ್ತಿದ್ಲು. ಆ ಅಳು ಖರೇನಽ ಇತ್ತು. ಇನ್ನೂ ಮೂರು ವರ್ಷ ಶನಿವಾರ ಎಣಿಸೂದು ಅನ್ನೂದು ಆಕಿ ಎದ್ಯಾಗ ಕಲ್ಲಿಟ್ಟಂಗ ಆಗಿತ್ತು.

ಶಂಕ್ರೆವ್ವ ಎಲ್ಲಾ ಕೇಳಿದ್ಲು. ಕೇಳಿ ಮುಗದ ಮ್ಯಾಲ, ಆ ಬಿರುಕು ಎಲ್ಲೈತಿ ಅನ್ನೂದು ನಿನಗ ಗೊತ್ತಿಲ್ಲೇನು, ನೀನಽ ಕಟ್ಟಿದ್ದಲ್ಲ, ಅದನ್ನ ಮುಚ್ಚು, ಅಲ್ಲಿಗೆ ಅಧ್ಯಾಯ ಮುಗೀತು ಅಂದ್ಲು. ಅಧಿಕಾರಿನೂ ಇಲ್ಲೇ ಅದಾರ, ಆದ್ರ ಅವರು ಸುಮ್ಮಸುಮ್ಮನ ಬರಂಗಿಲ್ಲ, ಪದ್ಧತಿ ಪ್ರಕಾರ ಕರೀಬೇಕು ಅಂದ್ಲು.

ಕಲ್ಮೇಶ ರಾತ್ರಿಪೂರ್ತಿ ಹೊಳ್ಳಾಡಿದ. ಮುಂಜಾನೆ ಎದ್ದು ಪ್ಯಾಟಿಗೆ ಹೋಗಿ ಸಿಮೆಂಟು ತಂದ, ಸ್ವಂತದ್ದೊಂದು ರೋಲೂ ತಂದ. ಎಮ್ಮಿ ತೊಟ್ಟಿ ಮುಂದ ಕುಕ್ಕರಗಾಲಿಲೆ ಕುಂತು, ಬಿರುಕನ್ನ ಕೆತ್ತಿ, ನೀರು ಹೊಡದು, ನುಣ್ಣಗ ಗಿಲಾಯಿ ಮಾಡಿದ. ಎರಡು ವರ್ಷದಿಂದ ಮಾಡು ಮಾಡು ಅಂದಿದ್ದು ಅವತ್ತು ಆತು. ಆಮ್ಯಾಲ ಅವ್ವನ ಮುಂದ ನಿಂತು, ಯವ್ವಾ ಬಾ ಅಂದ. ಶಂಕ್ರೆವ್ವ ಕೇಳದಂಗ ಅಕ್ಕಿ ಹಸನ ಮಾಡಾಕತ್ತಿದ್ಲು. ಮತ್ತೊಮ್ಮೆ ಕರದ. ಮೂರನೇ ಸಲಕ್ಕ, ಸಾಹೇಬ್ರ, ದಯಮಾಡಿ ಬರ್ರಿ ಅಂದ. ಆಗ ಎದ್ಲು.

ಆದ್ರ ಆಕಿದೊಂದು ಷರತ್ತು ಇತ್ತು. ಮೊದಲು ನಮ್ಮ ಫೋಟೋ, ಆಮ್ಯಾಲ ಸರಕಾರದ್ದು ಅಂದ್ಲು. ಕರ್ರಗ ಹೋದ ನಾಲ್ಕೂ ಮತ್ತ ಆಗಬೇಕು, ಹೊರಗ ಬೆಳಕಿನ್ಯಾಗ ಆಗಬೇಕು, ನೀನಽ ಹೊಡೀಬೇಕು, ಶಮ್ಶುನೂ ಬರಬೇಕು.

ಕಲ್ಮೇಶ ಮಾರಿ ಗಂಟು ಹಾಕ್ಕೊಂಡಽ, ದುರಸ್ತಿ ಫೋಟೋಕ್ಕಂತ ತಂದಿದ್ದ ಆಫೀಸಿನ ಕ್ಯಾಮೆರಾ ಹಿಡದ. ಸುನಂದಾ ನಾಚಿ ಸಾಯಾಕತ್ತಿದ್ಲು, ಆದ್ರೂ ಮರಾ ಕಟ್ಕೊಂಡು ಕಟ್ಟಿ ಹತ್ತಿದ್ಲು. ಅವ ಒಂದು ಕಣ್ಣು ಮುಚ್ಚಿ ನೋಡಿದ, ಗುಂಡಿ ಒತ್ತಲಿಲ್ಲ. ಬಲಗಡೆ ಮರಾ ಕೆಳಗಾಗೈತಿ, ನಾಲ್ಕು ಬೆರಳು ಮ್ಯಾಲ ಹಿಡಿ ಅಂದ. ಹಿಡದ್ಲು. ಹಕ್ಕಿ ಹಿಂಗ ನಿಲ್ಲಂಗಿಲ್ಲ, ಮೊಣಕಾಲು ಮಡಚು ಅಂದ. ಮಡಚಿದ್ಲು. ಕ್ಯಾಮೆರಾ ಇಟ್ಟು ಹೋಗಿ ಟೇಪು ತಂದು ಎರಡೂ ಮರಾ ನೆಲದಿಂದ ಎಷ್ಟು ಎತ್ತರ ಅದಾವ ಅಂತ ಅಳದ. ಶಮ್ಶುನ್ನೀಸಾ ಇದನ್ನ ನೋಡಿ ಲೋಡಿನ ಕುದರಿ ಮ್ಯಾಲಿಂದ ಉರುಳಿ ಬಿದ್ಲು. ಆಗ ಕಲ್ಮೇಶನ ಗಂಟು ಬಿಚ್ಚಿತು. ನಗಾಕತ್ತಿದ, ಕ್ಯಾಮೆರಾ ಅಳ್ಳಾಡಾಕತ್ತಿತು, ಮೂರು ಸಲ ಹಿಡದ್ರೂ ನಿಲ್ಲಲಿಲ್ಲ. ಮರಾ ಎತ್ತಿ ಹಿಡದಽ ಇದ್ದ ಸುನಂದಾ ಗಂಡನ ನಗೂ ಮಾರಿ ನೋಡ್ಕೋತ ಹಂಗಽ ನಿಂತ್ಲು, ತೋಳು ನೋಯಾಕತ್ತಿದ್ದು ಆಕಿಗೆ ಗೊತ್ತಾಗಲಿಲ್ಲ.

ಕಡೀಕ ಸರಕಾರದ ಫೋಟೋ. ಅದಽ ಕೋಟು, ಅದಽ ಮೀಸಿ. ಈ ಸಲ ಶಂಕ್ರೆವ್ವ ಗಿಲಾಯಿ ಮ್ಯಾಲ ಅಂಗೈ ಇಟ್ಟು, ಕೆಲಸ ಮನಸ್ಸಿಗೆ ಬಂದೈತಿ ಅನ್ನೂ ಹಂಗ ತಲಿ ತೂಗಿದ್ಲು. ಕಲ್ಮೇಶ ಫೋಟೋದ ಕೆಳಗ ಒಂದಽ ಸಾಲು ಬರದ. ಬಿರುಕು ಮುಚ್ಚಲಾಗಿದೆ. ಎಲ್ಲಿ ಅಂತ ಬರಿಯಲಿಲ್ಲ, ಅಷ್ಟು ಸುಳ್ಳು ಅವನ ಕೈಯಿಂದ ಆಗಲಿಲ್ಲ.

ಆಮ್ಯಾಲ ಮೂರು ವಾರ ಸುದ್ದಿನಽ ಇಲ್ಲ. ಒಂದು ಮಂಗಳವಾರ ಮಧ್ಯಾಹ್ನ ಸುನಂದಾ ಲಿಂಬಿಹಣ್ಣು ಹರಿಯಾಕತ್ತಿದ್ಲು, ಕಲ್ಮೇಶ ತನ್ನ ಟ್ರಂಕು ಹೆಗಲ ಮ್ಯಾಲ ಹೊತ್ಕೊಂಡು ಓಣ್ಯಾಗ ಬಂದ. ಮಂಗಳವಾರ ಬಂದ, ಅದೂ ಟ್ರಂಕು ಸಮೇತ ಬಂದ. ನೌಕರಿ ಹೋತು ಅಂತ ಸುನಂದಾ ತಿಳಕೊಂಡ್ಲು. ಉಡ್ಯಾಗಿನ ಹಣ್ಣೆಲ್ಲಾ ನೆಲಕ್ಕ ಬಿದ್ವು. ಅವ ಟ್ರಂಕು ಇಳಿಸಿ ಆರ್ಡರ್ ಕೈಯಾಗ ಕೊಟ್ಟ. ಆಕಿ ಎರಡು ಸಲ ಓದಿದ್ಲು. ಹದಿನಾಲ್ಕನೇ ಕಿಲೋಮೀಟರಿನ ದುರಸ್ತಿ ತೃಪ್ತಿಕರವಾಗಿದೆ, ಆದರೂ ಸದರಿ ಸ್ಥಳ ಸೂಕ್ಷ್ಮವಾಗಿದ್ದು ಹಿರಿಯ ಅಧಿಕಾರಿಗಳ ಗಮನದಲ್ಲಿರುವುದರಿಂದ, ಜವಾಬ್ದಾರಿಯುಳ್ಳ ಒಬ್ಬ ನೌಕರರು ಇಂಡಿಯಲ್ಲಿಯೇ ವಾಸವಿದ್ದು ಅದನ್ನು ಪ್ರತಿದಿನ ನೋಡಿ ವರದಿ ಮಾಡತಕ್ಕದ್ದು, ಈ ಕೆಲಸಕ್ಕೆ ಕಲ್ಮೇಶ ಇವರನ್ನು ನೇಮಿಸಲಾಗಿದೆ.

ಶಂಕ್ರೆವ್ವ ನಕ್ಕು ನಕ್ಕು ಕಂಬಾ ಹಿಡಕೊಂಡ್ಲು. ಕಲ್ಮೇಶ ಮಾತ್ರ ನಗಲಿಲ್ಲ. ಇದು ನನ್ನ ಕೆಲಸಕ್ಕ ಸಿಕ್ಕ ವರ್ಗಾ ಅಲ್ಲ, ಇಲ್ಲದ ಬಿರುಕಿಗೆ ಸಿಕ್ಕದ್ದು, ಇದನ್ನ ಇಟ್ಕೊಳ್ಳಾಕ ಮನಸ್ಸು ಒಪ್ಪವಲ್ದು ಅಂದ. ನಾಳೆನಽ ಹೋಗಿ ಸಾಹೇಬ್ರಿಗೆ ಎಲ್ಲಾ ಖರೇ ಹೇಳಿ ಬರ್ತೇನಿ, ಆದದ್ದು ಆಗ್ಲಿ ಅಂದ. ಶಂಕ್ರೆವ್ವನ ನಗೂ ನಿಂತಿತು. ಮಗ ಅಂದ್ರ ಅಂದಂಗ ಮಾಡುವಾಂವ ಅಂತ ಆಕಿಗೆ ಗೊತ್ತಿತ್ತು.

ಸುನಂದಾ ನೆಲದ ಮ್ಯಾಲಿನ ಹಣ್ಣು ಆರಿಸ್ಕೋತ ಇದ್ಲು. ತಲಿ ಎತ್ತದಽ ಮಾತಾಡಿದ್ಲು.

"ಹೇಳ್ರಿ, ನಾ ಬ್ಯಾಡಾ ಅನ್ನಂಗಿಲ್ಲ. ಆದ್ರ ನಾಳೆ ನಿಮಗ ಹದಿನಾಲ್ಕನೇ ಕಿಲೋಮೀಟರಿಗೆ ಹೋಗಿ ನೋಡು ಅಂತ ಹೇಳ್ಯಾರ. ಮೊದಲು ಅದನ್ನ ಮಾಡ್ರಿ. ಬಿರುಕು ಇದ್ರ ಐತಿ ಅಂತ ಬರೀರಿ, ಇಲ್ಲಂದ್ರ ಇಲ್ಲ ಅಂತ ಬರೀರಿ. ಅದ್ರಾಗ ಸುಳ್ಳೇನೈತ್ರಿ?"

ಅವ ಏನೊ ಅನ್ನಾಕ ಬಂದ. ಆಕಿ ಬಿಡಲಿಲ್ಲ.

"ಮೂರು ಸಲ ಖರೇ ಖರೇ ಕಾರಣಾ ಬರದು ಅರ್ಜಿ ಕೊಟ್ರಿ, ಒಬ್ಬರೂ ಓದಲಿಲ್ಲ. ವಾರಕ್ಕ ಒಂದು ದಿನ ಹೆಂಡತಿ ಆಗೂದು ನನಗ ಸಾಕಾಗೈತ್ರಿ."

ನಾಲ್ಕು ವರ್ಷದಾಗ ಆಕಿ ಹಿಂಗ ಅಂದದ್ದು ಅದಽ ಮೊದಲು. ಕಲ್ಮೇಶ ಆರ್ಡರ್ ಮಡಚಿ ಕಿಸೆದಾಗ ಇಟ್ಕೊಂಡ, ಮತ್ತ ತಗದು ನೋಡಿದ, ಮತ್ತ ಮಡಚಿದ. ಆಮ್ಯಾಲ ಆಕಿ ಬಾಜೂಕ ಕುಂತು ಹಣ್ಣು ಆರಿಸಾಕ ಕೈ ಹಚ್ಚಿದ.

ಬುಧವಾರ ಮುಂಜಾನೆ ಅವ ಸೈಕಲ್ ಮ್ಯಾಲ ಹೊಂಟ. ಬಸ್‌ಸ್ಟ್ಯಾಂಡಿಗೆ ಹೋಗ್ತಾನೊ, ಕಾಲುವಿಗೆ ಹೋಗ್ತಾನೊ ಹೇಳಲಿಲ್ಲ, ಸುನಂದಾನೂ ಕೇಳಲಿಲ್ಲ. ದಿನವೆಲ್ಲಾ ಆಕಿ ಕೈಯಾಗಿನ ಕೆಲಸ ಮುಗಿಲಿಲ್ಲ. ಶಮ್ಶುನ್ನೀಸಾ ಎರಡು ಸಲ ಬಂದು, ಮಾರಿ ನೋಡಿ, ಹೊಳ್ಳಿ ಹೋದ್ಲು. ಆರೂವರಿಗೆ ಸೈಕಲ್ ಗಂಟಿ ಕೇಳಸ್ತು. ಕಲ್ಮೇಶ ಅಂಗಳದಾಗ ಕಾಲು ತೊಳಕೊಂಡು ಒಳಗ ಬಂದ. ಪ್ಯಾಂಟಿಗೆ ಕಾಲುವಿ ದಂಡಿಯ ಕೆಂಪು ಧೂಳ ಹತ್ತಿತ್ತು, ಕಿಸೆದಾಗ ಅವತ್ತಿನ ವರದಿ ಇತ್ತು. ಹದಿನಾಲ್ಕನೇ ಕಿಲೋಮೀಟರು, ಬಿರುಕು ಕಂಡುಬಂದಿಲ್ಲ.

ಸುನಂದಾ ರೂಢಿಯಂಗ ಇಬ್ಬರಿಗೆ ಆಗೂವಷ್ಟಽ ರೊಟ್ಟಿ ಬಡದಿದ್ಲು. ಶಂಕ್ರೆವ್ವ ನನಗ ಹಸವಿಲ್ಲ ಅಂತ ತನ್ನ ತಾಟು ಮಗನ ಮುಂದ ಸರಿಸಿ, ಎಮ್ಮಿ ಹಿಂಡಾಕ ಹೋದ್ಲು. ಕಲ್ಮೇಶ ಉಂಡ, ನೀರು ಕುಡದ, ಒಲಿ ಮುಂದ ಕುಂತ ಹೆಂಡತಿನ್ನ ನೋಡಿ ಕೇಳಿದ.

"ನಾಳೆ ಏನ್ ಪಲ್ಯಾ ಮಾಡ್ತಿ?"

ನಾಲ್ಕು ವರ್ಷದಾಗ ಅವ ಆಕಿಗೆ ನಾಳಿನ ಮಾತು ಕೇಳಿದ್ದಿಲ್ಲ. ಸುನಂದಾ ಒಲ್ಯಾಗಿನ ಕಟಗಿ ಒಳಗ ಸರಿಸಿದ್ಲು. ಬದನಿಕಾಯಿ ಅಂದ್ಲು.